ವಾಪಸ್ ಎಳೆತ

ನಮ್ಮ ಪಿಎಚ್‌ಡಿ ಗೈಡ್ ನನ್ನನ್ನು ಹೊಗಳಿದ ದಿನವೇ ನನಗೆ ಅವರ ಮೇಲೆ ಮೊದಲ ಸಲ ಸಿಟ್ಟು ಬಂದದ್ದು. ಲ್ಯಾಬ್ ನೋಡಲು ಇಬ್ಬರು ಅತಿಥಿಗಳು ಬಂದಿದ್ದರು. ನಾನು ಮಾಡಿದ ಸ್ಯಾಂಪಲ್ಲನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ಗೈಡ್ ಹೇಳಿದರು: "ಇವಳು ಚನ್ನಪಟ್ಟಣದ ಹುಡುಗಿ. ಬೊಂಬೆ ಮಾಡೋರ ಮನೆಯವಳು. ರಕ್ತದಲ್ಲೇ ಬಂದಿರೋ ಕೈ. ನಮ್ಮ ಲ್ಯಾಬಿಗೆಲ್ಲ ಸ್ಯಾಂಪಲ್ ಮಾಡಿಕೊಡೋದು ಇವಳೇ." ಅತಿಥಿಗಳು ನನ್ನ ಕೈಯನ್ನು ನೋಡಿ ತಲೆ ಆಡಿಸಿದರು. ನಾನು ಏನು ಓದುತ್ತಿದ್ದೇನೆ, ಆ ಸ್ಯಾಂಪಲ್ ಇಟ್ಟುಕೊಂಡು ಏನು ಹುಡುಕುತ್ತಿದ್ದೇನೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಹಲ್ಲು ಕಿರಿದು ನಿಂತಿದ್ದೆ. ಹಾಗೆ ನಿಂತದ್ದಕ್ಕೆ ನನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ರಾಮನಗರ ಜಿಲ್ಲೆಯಾಗಿ ನಾಲ್ಕೈದು ವರ್ಷ ಕಳೆದಿದ್ದ ಕಾಲ ಅದು. ಹಾರೋಹಳ್ಳಿ ಕಡೆ ರಾಗಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಇವತ್ತು ಹುರುಳಿ ನಿಂತಿದ್ದ ಜಾಗದಲ್ಲಿ ತಿಂಗಳು ಬಿಟ್ಟು ನೋಡಿದರೆ ಕಾಂಪೌಂಡು, ಗೇಟು, ಗೇಟಿನಲ್ಲಿ ಸೆಕ್ಯುರಿಟಿ. ಅಂಥ ಶೆಡ್ಡುಗಳ ಸಾಲಿನಲ್ಲೇ ನಮ್ಮ ಸಂಸ್ಥೆಯವರು ಅಗ್ಗಕ್ಕೆ ಸಿಕ್ಕ ಜಾಗದಲ್ಲಿ ಲ್ಯಾಬ್ ಕಟ್ಟಿದ್ದರು. ಪಕ್ಕದಲ್ಲಿ ತಗಡು ಒತ್ತುವ ಕಾರ್ಖಾನೆ. ಅವರ ಪ್ರೆಸ್ ಬಿದ್ದಾಗಲೆಲ್ಲ ನಮ್ಮ ಮೇಜು ಅದುರುತ್ತಿತ್ತು, ಮೇಜಿನ ಮೇಲಿನ ಮೀಟರಿನ ಅಂಕಿ ಕುಣಿಯುತ್ತಿತ್ತು. ನಾನು ಮರಳವಾಡಿಯಲ್ಲಿ ಒಂದು ರೂಮು ಹಿಡಿದು ಅಲ್ಲಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಭಾನುವಾರ ಸಾಧ್ಯವಾದರೆ ಕನಕಪುರ, ರಾಮನಗರ ಅಂತ ಬಸ್ಸು ಬದಲಿಸಿ ಚನ್ನಪಟ್ಟಣದ ಮನೆಗೆ ಹೋಗುತ್ತಿದ್ದೆ.

ನನ್ನ ಕೆಲಸ ಏನೆಂದು ಹೇಳದೆ ಹೋದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಕಂಪ್ಯೂಟರಿನಲ್ಲಿ ನೆನಪು ಉಳಿಸಿಡುವುದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತಗಳನ್ನು ಬಳಸುವುದುಂಟು. ಕಾಂತದ ಮುಖ ಮೇಲಕ್ಕಿದ್ದರೆ ಒಂದು, ಕೆಳಕ್ಕಿದ್ದರೆ ಸೊನ್ನೆ. ಆ ಮುಖವನ್ನು ಬರೀ ವಿದ್ಯುತ್ ಹರಿಸಿ, ಅದೂ ಕಡಿಮೆ ವಿದ್ಯುತ್ತಿನಲ್ಲಿ, ತಿರುಗಿಸಬಹುದೇ ಎಂಬುದು ಆಗ ಹೊಸ ಪ್ರಶ್ನೆ. ಬಿಸ್ಮತ್ ಸೇರಿದ ಕೆಲವು ವಸ್ತುಗಳಿವೆ. ಅವನ್ನು ಟೊಪಾಲಜಿಕಲ್ ವಸ್ತುಗಳು ಅನ್ನುತ್ತಾರೆ. ಅವುಗಳ ಹೊಟ್ಟೆಯೊಳಗೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಮೈಮೇಲೆ ಸಲೀಸಾಗಿ ಹರಿಯುತ್ತದೆ. ಎಲೆಕ್ಟ್ರಾನಿಗೆ ಸ್ಪಿನ್ ಎಂಬ ಗುಣವಿದೆ, ಅದಕ್ಕೊಂದು ದಿಕ್ಕಿದೆ. ಈ ವಸ್ತುಗಳ ಮೈಮೇಲೆ ಎಲೆಕ್ಟ್ರಾನ್ ಓಡುವ ದಿಕ್ಕಿಗೂ ಅದರ ಸ್ಪಿನ್ನಿಗೂ ಗಂಟು ಬಿದ್ದಿರುತ್ತದೆ. ಪೂರ್ವಕ್ಕೆ ಓಡಿದರೆ ಸ್ಪಿನ್ ಉತ್ತರಕ್ಕೆ, ಪಶ್ಚಿಮಕ್ಕೆ ಓಡಿದರೆ ದಕ್ಷಿಣಕ್ಕೆ. ಅದರ ಮೇಲೆ ತೆಳ್ಳನೆಯ ಕಾಂತದ ಪದರವೊಂದನ್ನು ಕೂರಿಸಿದರೆ ಈ ಎಲೆಕ್ಟ್ರಾನುಗಳು ಆ ಕಾಂತವನ್ನು ಹಿಡಿದು ತಿರುಚಬೇಕು. ಆ ತಿರುಚುವಿಕೆಗೆ ಸ್ಪಿನ್-ಆರ್ಬಿಟ್ ಟಾರ್ಕ್ ಎಂದು ಹೆಸರು. ಪದರಗಳನ್ನು ಮಾಡುವವಳೂ ನಾನೇ, ಕಾಂತ ತಿರುಗುತ್ತದೆಯೇ ಎಂದು ಅಳೆಯುವವಳೂ ನಾನೇ.

ತಿರುಗುತ್ತಿತ್ತು. ಎಂಟು ತಿಂಗಳು ಅಳೆದೆ. ವಿದ್ಯುತ್ತನ್ನು ಕ್ಷಣಮಾತ್ರ ಹೊಡೆದು, ಕಾಂತದ ಮುಖ ಎತ್ತ ಇದೆ ಎಂದು ಮೀಟರಿನಲ್ಲಿ ಓದುವುದು. ಅಂಕಿ ಪ್ಲಸ್ ಇದ್ದರೆ ಮುಖ ಮೇಲಕ್ಕೆ, ಮೈನಸ್ ಇದ್ದರೆ ಕೆಳಕ್ಕೆ. ಸ್ವಲ್ಪ ಜಾಸ್ತಿ ವಿದ್ಯುತ್ ಹೊಡೆದು ಮತ್ತೆ ಓದುವುದು, ಇನ್ನೂ ಸ್ವಲ್ಪ ಜಾಸ್ತಿ, ಮತ್ತೆ ಓದುವುದು. ಒಂದು ಮಟ್ಟ ಮುಟ್ಟಿದ ಕೂಡಲೇ ಕೆಳಕ್ಕಿದ್ದ ಮುಖ ಪಟ್ಟನೆ ಮೇಲಕ್ಕೆ ತಿರುಗುತ್ತಿತ್ತು. ಹತ್ತಿಪ್ಪತ್ತು ಗ್ರಾಫು ಬರೆದು ಗೈಡ್ ಮುಂದೆ ಹರವಿದೆ. ಅವರು ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ನೋಡಿದರು.

"ಹೀಟ್," ಅಂದರು.

"ಅಂದ್ರೆ ಸರ್?"

"ಬಿಸಿ ಕಣಮ್ಮ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕರೆಂಟ್ ಹೊಡೀತಿದ್ದೀಯ, ಬಿಸಿ ಆಗದೆ ಇರುತ್ತಾ? ಬಿಸಿಯಾದ ಕಾಂತ ಸಡಿಲ ಆಗುತ್ತೆ. ಸಡಿಲ ಆದದ್ದು ಎತ್ತಲೋ ಒಂದು ಕಡೆ ಬೀಳುತ್ತೆ. ಇದರಲ್ಲಿ ಟಾರ್ಕ್ ಎಲ್ಲಿದೆ, ತೋರಿಸು."

ಅವರ ಸಂಶಯ ತಪ್ಪಲ್ಲ ಎಂದು ಇವತ್ತು ಹೇಳುತ್ತೇನೆ, ಅವತ್ತೂ ಒಳಗೊಳಗೇ ಗೊತ್ತಿತ್ತು. ಮೈ ಉರಿದದ್ದು ಆಮೇಲಿನ ಮಾತಿಗೆ. "ನೋಡು, ಆರು ವಾರ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಟಾರ್ಕ್ ಅಂತ ತೋರಿಸು. ಆಗಲಿಲ್ಲ ಅಂದ್ರೆ ಈ ಪ್ರಾಬ್ಲಮ್ ಹೊಸದಾಗಿ ಸೇರಿದ್ದಾನಲ್ಲ, ಅವನಿಗೆ ಕೊಡೋಣ. ಅವನಿಗೆ ಥಿಯರಿ ಚೆನ್ನಾಗಿದೆ. ನಿನ್ನ ಸ್ಯಾಂಪಲ್‌ಗಳನ್ನು ಅವನಿಗೆ ಕೊಟ್ಟುಬಿಡು. ನೀನು ಬೇಜಾರು ಮಾಡ್ಕೋಬೇಡ, ಸ್ಯಾಂಪಲ್ ಮಾಡೋ ವಿಧಾನದ ಮೇಲೇ ಒಂದು ಸಣ್ಣ ಥೀಸಿಸ್ ಬರೀಬಹುದು. ನಿನ್ನ ಕೈಗೆ ಅದು ಒಪ್ಪುತ್ತೆ."

ಹೊಸದಾಗಿ ಸೇರಿದವನು ಒಳ್ಳೆಯವನೇ. ಬೆಂಗಳೂರಿನವನು, ಮೆತ್ತಗೆ ಮಾತಾಡುವವನು, ಸ್ಯಾಂಪಲ್ ಮುಟ್ಟುವ ಮುಂಚೆ ನನ್ನನ್ನು ಕೇಳುವವನು. ಅವನ ಮೇಲೆ ನನಗೆ ಜಗಳವಿರಲಿಲ್ಲ. ಆದರೆ ಮೂರು ವರ್ಷ ನಾನು ತಲೆಗೆ ಹಚ್ಚಿಕೊಂಡ ಪ್ರಶ್ನೆಯನ್ನು ಎತ್ತಿ ಅವನ ಮಡಿಲಿಗೆ ಹಾಕಿ, ನನಗೆ ಕೈಕೆಲಸ ಕೊಟ್ಟು ಕೂರಿಸುತ್ತಾರೆ ಅಂದರೆ ಯಾರಿಗೆ ಸುಮ್ಮನಿರಲು ಆಗುತ್ತದೆ. "ಆರು ವಾರ ಬೇಡ ಸರ್, ನಾಲ್ಕು ಸಾಕು," ಅಂದುಬಿಟ್ಟೆ. ಏನು ಮಾಡುತ್ತೇನೆ ಎಂಬುದು ಗೊತ್ತಿಲ್ಲದೆ ಆಡಿದ ಮಾತು ಅದು. ಹೊರಗೆ ಬಂದ ಮೇಲೆ ನಾಲಗೆ ಕಚ್ಚಿಕೊಂಡೆ. ಬರೀ ಕೊಬ್ಬಿಗೆ ಎರಡು ವಾರ ಕಳೆದುಕೊಂಡಿದ್ದೆ.

ಮೊದಲನೆಯ ವಾರ ಪೂರ್ತಿ ಹಾಳಾಯಿತು. ಬಿಸಿಯನ್ನು ಕಡಿಮೆ ಮಾಡಿದರೆ ಟಾರ್ಕ್ ಉಳಿದೀತು ಎಂದುಕೊಂಡು ವಿದ್ಯುತ್ ಹೊಡೆಯುವ ಅವಧಿಯನ್ನು ಮೊಟಕು ಮಾಡಿದೆ. ಕಾಂತ ತಿರುಗಲೇ ಇಲ್ಲ. ಹಟಕ್ಕೆ ಬಿದ್ದು ವಿದ್ಯುತ್ ಹೆಚ್ಚಿಸಿದೆ. ಎರಡು ಸ್ಯಾಂಪಲ್ ಸುಟ್ಟುಹೋದವು. ಇದ್ದದ್ದು ಐದು, ಉಳಿದದ್ದು ಮೂರು. ಸುಟ್ಟ ಸ್ಯಾಂಪಲ್ಲನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಕಣ್ಣಲ್ಲಿ ನೀರು ಬಂತು. ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬೀಗ ಜಡಿದು ಸೀದಾ ಬಸ್ಸು ಹತ್ತಿದೆ.

ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಕೆಲಸದ ಕೋಣೆ. ಅಪ್ಪ ಮೂವತ್ತು ವರ್ಷದಿಂದ ಬೊಂಬೆ ಕಡೆಯುತ್ತಿದ್ದರು. ಮೋಟಾರಿನ ಲೇತು ಬಂದು ಹತ್ತು ವರ್ಷವಾಗಿತ್ತು. ಮೂಲೆಯಲ್ಲಿ ಹಳೆಯ ಕೈಲೇತನ್ನು ಮಾತ್ರ ಅವರು ಬಿಚ್ಚಿರಲಿಲ್ಲ, ಯಾಕೆಂದರೆ ಕರೆಂಟಿನ ಮೇಲೆ ಅವರಿಗೆ ಕಿಂಚಿತ್ತೂ ನಂಬಿಕೆಯಿರಲಿಲ್ಲ. ಆ ಅಪನಂಬಿಕೆ ಸರಿಯೇ ಆಗಿತ್ತು. ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಹನ್ನೆರಡಾದರೂ ಬರಲಿಲ್ಲ. ಹಾರೋಹಳ್ಳಿಯ ಶೆಡ್ಡುಗಳಿಗೆ ಹಗಲೂ ರಾತ್ರಿ ಕರೆಂಟು ಹರಿಯುವುದನ್ನು ವಾರವಿಡೀ ನೋಡಿ ಬಂದವಳು ನಾನು. ಇಲ್ಲಿ ನಮ್ಮಪ್ಪ ಅರ್ಧ ಕಡೆದ ಬೊಂಬೆ ಹಿಡಿದು ಕೂತಿದ್ದನ್ನು ನೋಡಿ ಹೊಟ್ಟೆ ಉರಿಯಿತು.

"ಲೈನ್‌ಮ್ಯಾನ್‌ಗೆ ಫೋನ್ ಮಾಡ್ಲಾ?" ಅಂದೆ.

"ಮಾಡು. ಅವ್ನೂ ಕತ್ಲಲ್ಲೇ ಕುಂತಿರ್ತಾನೆ," ಅಂದರು ಅಪ್ಪ. "ಬಾ ಇಲ್ಲಿ, ಹಗ್ಗ ಎಳಿ. ನಾಳೆ ಅಂಗಡಿಯೋರು ಬತ್ತಾರೆ, ಇಪ್ಪತ್ತು ಗಿಲಕಿ ಕೊಡ್ಬೇಕು."

ಕೈಲೇತು ಗೊತ್ತಿಲ್ಲದವರಿಗೆ ಒಂದು ಮಾತು. ಕಡೆಯಬೇಕಾದ ಮರದ ತುಂಡನ್ನು ಎರಡು ಮೊಳೆಗಳ ನಡುವೆ ಸಿಕ್ಕಿಸಿ, ಅದಕ್ಕೆ ಹಗ್ಗ ಸುತ್ತಿ, ಹಗ್ಗದ ಎರಡು ತುದಿಯನ್ನು ಒಬ್ಬರು ಎರಡು ಕೈಯಲ್ಲಿ ಹಿಡಿಯುತ್ತಾರೆ. ಬಲಗೈ ಎಳೆದರೆ ಮರ ಒಂದು ಕಡೆಗೆ ಗಿರ್ರನೆ ತಿರುಗುತ್ತದೆ, ಎಡಗೈ ಎಳೆದರೆ ವಾಪಸ್ ತಿರುಗುತ್ತದೆ. ಎದುರಿಗೆ ಕೂತವರು ಉಳಿ ಹಿಡಿಯುತ್ತಾರೆ. ಮರ ಮುಂದಕ್ಕೆ ತಿರುಗುವಾಗ ಮಾತ್ರ ಉಳಿ ತಾಗಿಸುವುದು, ವಾಪಸ್ ತಿರುಗುವಾಗ ಕೂದಲೆಳೆಯಷ್ಟು ಎತ್ತುವುದು. ವಾಪಸ್ ಎಳೆತದಲ್ಲಿ ಉಳಿ ತಾಗಿದರೆ ಕಡೆಯುವುದಿಲ್ಲ, ಮರದ ನಾರು ಕಿತ್ತು ಬರುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಮುಂದಿನದು ಕೆಲಸದ ಎಳೆತ, ವಾಪಸಿನದು ಖಾಲಿ ಎಳೆತ. ಎಷ್ಟು ಎಳೆದೆ ಎಂದು ಅಪ್ಪ ಕೇಳಿದರೆ ನಾನು ಚಿಕ್ಕಂದಿನಿಂದ ಕೆಲಸದ ಎಳೆತವನ್ನು ಮಾತ್ರ ಎಣಿಸಿ ಹೇಳುತ್ತಿದ್ದೆ. ನಾನು ಎಳೆದದ್ದು ಆಗೊಮ್ಮೆ ಈಗೊಮ್ಮೆ, ಮೋಟಾರು ಬರುವವರೆಗೆ ದಿನವೂ ಆ ಹಗ್ಗ ಎಳೆದವಳು ಅವ್ವ. ತಿಪ್ಪಸಂದ್ರದ ಹತ್ತಿರದ ಒಕ್ಕಲು ಮನೆಯಿಂದ ಮದುವೆಯಾಗಿ ಬಂದವಳು, ಬಂದ ವಾರಕ್ಕೇ ಹಗ್ಗ ಹಿಡಿದಿದ್ದಳು.

ಅಪ್ಪ ಕೂತರು, ನಾನು ಎದುರಿಗೆ ಹಗ್ಗ ಹಿಡಿದೆ. ಅವ್ವ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದಳು. ಹತ್ತು ನಿಮಿಷಕ್ಕೆ ನನ್ನ ರಟ್ಟೆ ಬಿದ್ದುಹೋಯಿತು.

"ಒಸಿ ಬಿಗಿಯಾಗ್ ಎಳಿಯವ್ವ," ಅಂದರು ಅಪ್ಪ. "ಲ್ಯಾಬ್ನಲ್ಲಿ ಗುಂಡಿ ಒತ್ತಿ ಒತ್ತಿ ರಟ್ಟೆ ಸತ್ತೋಗೈತೆ ನಿಂಗೆ."

"ಖಾಲಿ ಎಳೆತದಲ್ಲಿ ಸುಧಾರಿಸ್ಕೋತೀನಿ ಬಿಡಿ," ಅಂದೆ.

ಅವ್ವ ಸುಲಿಯುವುದನ್ನು ನಿಲ್ಲಿಸಿದಳು. "ಖಾಲಿ ಅಂತೆ, ಖಾಲಿ. ಆ ಹೆಸ್ರು ಇಟ್ಟೋರು ಉಳಿ ಹಿಡ್ದೋರು. ಹಗ್ಗ ಹಿಡ್ದೋರ್ನ ಯಾರೂ ಕೇಳ್ಲಿಲ್ಲ. ಇಪ್ಪತ್ತು ವರ್ಸ ಎಳ್ದಿವ್ನಿ, ನನ್ ರಟ್ಟೆಗೆ ಎರಡೂ ಕಡೀಕೂ ಒಂದೇ ನೋವು."

"ಲೇ, ಮರ ಕಡೆಯೋದು ಒಂದೇ ಕಡೆ ತಾನೆ?" ಅಂದರು ಅಪ್ಪ.

"ಅರಗು ಹಾಕೋವಾಗ?" ಅಂದಳು ಅವ್ವ. "ಆವಾಗ ಎರಡೂ ಕಡೆ ಬೇಕಲ್ಲ ನಿಮ್ಗೆ. ಆವಾಗ ಖಾಲಿ ಅನ್ನಕಿಲ್ಲ."

ಅಪ್ಪ ಉಳಿ ಕೆಳಗಿಟ್ಟು ಕೆಂಪು ಅರಗಿನ ಕಡ್ಡಿ ತೆಗೆದುಕೊಂಡರು. ಬೊಂಬೆಗೆ ಬಣ್ಣ ಬರುವುದು ಅರಗಿನಿಂದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿ ಉಜ್ಜಿ ಬಿಸಿಯಾಗಿ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಇದನ್ನು ಸಾವಿರ ಸಲ ನೋಡಿದ್ದೇನೆ. ಆ ದಿನ ನೋಡಿದಾಗ ಮಾತ್ರ ನನ್ನ ಕೈ ನಿಧಾನವಾಯಿತು. ಬಲಕ್ಕೆ ಎಳೆದೆ, ಅರಗು ಕರಗಿತು. ಎಡಕ್ಕೆ ಎಳೆದೆ, ಅರಗು ಕರಗಿತು. ಅಪ್ಪ ಕಡ್ಡಿಯನ್ನು ಎತ್ತಲೇ ಇಲ್ಲ.

"ಅವ್ವ, ಅರಗಿಗೆ ವಾಪಸ್ ಎಳೆತಾನೂ ಯಾಕೆ ಬೇಕು?" ಅಂತ ಕೇಳಿದೆ. ಉತ್ತರ ಗೊತ್ತಿತ್ತು. ಆದರೂ ಅವಳ ಬಾಯಲ್ಲಿ ಕೇಳಬೇಕು ಅನ್ನಿಸಿತು.

"ಬಿಸಿಗೆ ಯಾವ ದಿಕ್ಕು ಮಗಾ? ಹಿಂಗ್ ತಿರುಗುದ್ರೂ ಬಿಸಿ ಆಯ್ತದೆ, ಹಂಗ್ ತಿರುಗುದ್ರೂ ಬಿಸಿ ಆಯ್ತದೆ. ಉಳಿಗಾದ್ರೆ ದಿಕ್ಕೈತೆ."

ನಾನು ಹಗ್ಗ ಬಿಟ್ಟುಬಿಟ್ಟೆ. ಮರ ಅರ್ಧ ಸುತ್ತು ತಿರುಗಿ ನಿಂತಿತು, ಅರಗು ಒಂದು ಕಡೆ ಗಂಟುಕಟ್ಟಿತು. ಅಪ್ಪ ಬೈದರು. ನನಗೆ ಕಿವಿ ಕೇಳುತ್ತಿರಲಿಲ್ಲ. ಗೈಡ್ ಕೇಳಿದ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಬಿಸಿಯೇ ಕಾಂತವನ್ನು ತಿರುಗಿಸುತ್ತಿದ್ದರೆ ವಿದ್ಯುತ್ ಯಾವ ಕಡೆಗೆ ಹರಿದರೂ ಒಂದೇ ಫಲ ಬರಬೇಕು. ಟಾರ್ಕ್ ಆಗಿದ್ದರೆ, ವಿದ್ಯುತ್ತಿನ ದಿಕ್ಕು ಬದಲಿಸಿದ ಕೂಡಲೇ ಎಲೆಕ್ಟ್ರಾನುಗಳ ಸ್ಪಿನ್ ಬದಲಾಗಿ ಕಾಂತದ ಮುಖ ಎದುರು ದಿಕ್ಕಿಗೆ ತಿರುಗಬೇಕು.

ಇದೇನು ದೊಡ್ಡ ಜ್ಞಾನೋದಯ ಅಂತ ಭೌತಶಾಸ್ತ್ರ ಓದಿದ ಯಾರಾದರೂ ನಕ್ಕಾರು. ನಗಲಿ. ದಿಕ್ಕು ಬದಲಿಸಿ ನೋಡುವುದು ಈ ಕೆಲಸದಲ್ಲಿ ಮೊದಲ ದಿನ ಮಾಡಬೇಕಾದ ಪರೀಕ್ಷೆ. ನಾನು ಯಾಕೆ ಮಾಡಿರಲಿಲ್ಲ ಎಂಬುದೇ ನನ್ನ ನಾಚಿಕೆಯ ಕತೆ. ಅಸಲಿಗೆ ನಾನು ದಿಕ್ಕು ಬದಲಿಸುತ್ತಲೇ ಇದ್ದೆ. ಒಂದೇ ಕಡೆಗೆ ವಿದ್ಯುತ್ ಹೊಡೆಯುತ್ತಾ ಹೋದರೆ ಪದರದೊಳಗಿನ ಲೋಹ ಒಂದೇ ಕಡೆಗೆ ಸರಿದು ಕಿತ್ತುಹೋಗುತ್ತದೆ. ಹಾಗಾಗದಿರಲಿ ಎಂದು ಮುಂದಕ್ಕೊಂದು ಹೊಡೆತ, ವಾಪಸ್ ಒಂದು ಹೊಡೆತ ಕೊಡುವಂತೆ ಮೆಷಿನ್ನಿಗೆ ನಾನೇ ಪ್ರೋಗ್ರಾಮ್ ಬರೆದಿದ್ದೆ. ಮುಂದಿನ ಹೊಡೆತವಾದ ಮೇಲೆ ಮೀಟರ್ ಓದಿ ಬರೆದಿಡು ಎಂದು ಹೇಳಿದ್ದೆ. ವಾಪಸ್ ಹೊಡೆತವಾದ ಮೇಲೆ ಓದು ಎಂದು ಹೇಳಿರಲಿಲ್ಲ. ಎಂಟು ತಿಂಗಳು ಮೆಷಿನ್ನು ಮುಂದೆ ಹಿಂದೆ, ಮುಂದೆ ಹಿಂದೆ ಎಂದು ಹೊಡೆಯುತ್ತಿತ್ತು, ನಾನು ಮುಂದಿನದನ್ನು ಮಾತ್ರ ಬರೆದುಕೊಳ್ಳುತ್ತಿದ್ದೆ. ವಾಪಸಿನದು ನನ್ನ ತಲೆಯಲ್ಲಿ ಖಾಲಿ ಎಳೆತ. ಅದರಲ್ಲಿ ನೋಡುವಂಥದ್ದು ಏನಾದರೂ ಇದ್ದೀತು ಎಂದು ಒಂದು ದಿನವೂ ಅನ್ನಿಸಲಿಲ್ಲ. ಬೇರೆ ಯಾವ ಊರಿನ ವಿದ್ಯಾರ್ಥಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಗೈಡ್ ಹೇಳುತ್ತಿದ್ದರಲ್ಲ, ರಕ್ತದಲ್ಲೇ ಬಂದಿದೆ ಅಂತ. ಬಂದದ್ದು ಇದು.

ಅವ್ವನಿಗೆ ಹೇಗೋ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿ, "ಅಂದ್ರೆ ಎಂಟು ತಿಂಗ್ಳು ಅರ್ಧ ಕೆಲ್ಸನ ನೋಡ್ದೇನೆ ಬುಟ್ಬುಟ್ಟಿದ್ದೀಯ?" ಅಂದಳು.

"ಹೂಂ."

"ನಿಮ್ಮಪ್ಪನ್ ಮಗ್ಳೇ ಕಣೆ ನೀನು." ಅವ್ವ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಅಪ್ಪ ಗಂಟುಕಟ್ಟಿದ ಅರಗನ್ನು ಉಳಿಯಿಂದ ಕೆರೆಯುತ್ತ ಕೂತಿದ್ದರು.

ಬಸ್ಸಿನಲ್ಲಿ ವಾಪಸ್ ಹೋಗುವಾಗ ಭಯ ಶುರುವಾಯಿತು. ಉಪಾಯವೇನೋ ಸಿಕ್ಕಿತು, ಆದರೆ ಉಪಾಯ ಎರಡು ಕಡೆಯೂ ಕುಯ್ಯುತ್ತದೆ. ವಾಪಸ್ ಹೊಡೆತದಲ್ಲೂ ಕಾಂತದ ಮುಖ ಮೇಲಕ್ಕೇ ಇದ್ದರೆ ಗೈಡ್ ಹೇಳಿದ್ದೇ ನಿಜ. ಆಗ ನನ್ನ ಪ್ರಶ್ನೆಯೂ ಹೋಯಿತು, ಸ್ಯಾಂಪಲ್ಲೂ ಹೋಯಿತು. ಯಾರಿಗೂ ಹೇಳದೆ ಮುಚ್ಚಿಟ್ಟರೆ ಹೇಗೆ ಎಂಬ ಯೋಚನೆ ಒಂದು ಗಳಿಗೆ ಬಂದುಹೋಯಿತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕನಕಪುರದ ಬಸ್‌ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತ ತೀರ್ಮಾನ ಮಾಡಿದೆ. ಬಿಸಿಯೇ ಆಗಿದ್ದರೆ ನಾನೇ ಮೊದಲು ಬರೆದುಕೊಡುತ್ತೇನೆ, ಆದರೆ ಅವರ ಊಹೆಗೆ ತಲೆಬಾಗಿ ಕೊಡುವುದಿಲ್ಲ, ಅಳೆದು ಕೊಡುತ್ತೇನೆ.

ಸೋಮವಾರ ಪ್ರೋಗ್ರಾಮ್ ತಿದ್ದಿದೆ. ಎರಡು ಸಾಲು ಸೇರಿಸುವ ಕೆಲಸ. ಅಳೆಯಲು ಮಾತ್ರ ಆಗಲಿಲ್ಲ. ಪಕ್ಕದ ಕಾರ್ಖಾನೆಗೆ ಹೊಸ ಆರ್ಡರ್ ಬಂದಿತ್ತಂತೆ, ಪ್ರೆಸ್ಸು ಹಗಲೂ ರಾತ್ರಿ ಬೀಳುತ್ತಿತ್ತು. ಮೀಟರಿನ ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಪ್ಲಸ್ಸೋ ಮೈನಸ್ಸೋ ದೇವರಿಗೇ ಗೊತ್ತು. ಗೇಟಿಗೆ ಹೋಗಿ ಅಲ್ಲಿನ ಸೂಪರ್‌ವೈಸರನ್ನು ಕೇಳಿದೆ, ಒಂದು ಗಂಟೆ ನಿಲ್ಲಿಸಲು ಆಗುತ್ತದೆಯೇ ಎಂದು.

"ಒಂದ್ ಗಂಟೆನಾ? ಒಂದ್ ನಿಮ್ಸ ನಿಲ್ಸುದ್ರೂ ನನ್ ಕೆಲ್ಸ ಹೋಯ್ತದೆ ಮೇಡಂ," ಅಂದ ಅವನು. ಕೋಡಿಹಳ್ಳಿ ಕಡೆಯವನಂತೆ. ಪಾಪ, ಅವನನ್ನು ಬೈದು ಏನು ಪ್ರಯೋಜನ. "ಶುಕ್ರವಾರ ನಮ್ಗೆ ರಜ. ಅವತ್ತು ಸೂಜಿ ಬಿದ್ರೂ ಕೇಳ್ತದೆ, ಅವತ್ತು ಮಾಡ್ಕಳಿ."

ಶುಕ್ರವಾರದವರೆಗೆ ಕಾದೆ. ಆ ನಾಲ್ಕು ದಿನ ಲ್ಯಾಬಿನಲ್ಲಿ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಹೊಸಬ ಒಮ್ಮೆ ಬಂದು ಸ್ಯಾಂಪಲ್ ಡಬ್ಬಿ ಎಲ್ಲಿದೆ, ಸುಮ್ಮನೆ ನೋಡಬಹುದೇ ಎಂದು ಕೇಳಿದ. "ಇನ್ನೂ ನನ್ನದು," ಅಂದೆ. ಅವನ ಮುಖ ಸಣ್ಣಗಾಯಿತು. ಆಮೇಲೆ ಬೇಜಾರಾಯಿತು, ಆದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳೂವರೆಗೇ ಲ್ಯಾಬ್ ತೆಗೆದೆ. ಮೇಜು ಅಲುಗಾಡಲಿಲ್ಲ. ಪದರದ ಅಂಚಿಗೆ ಚಿನ್ನದ ತಂತಿಗಳನ್ನು ಕೂರಿಸಿ, ಎಂದಿನಂತೆ ವಿದ್ಯುತ್ ಹರಿಯುವ ದಾರಿಯ ನೇರಕ್ಕೇ ಒಂದು ಸಣ್ಣ ಕಾಂತಕ್ಷೇತ್ರ ಹಿಡಿದೆ. ಈ ಅಳತೆಗೆ ಯಾವಾಗಲೂ ಅದು ಬೇಕು. ಅದಿಲ್ಲದಿದ್ದರೆ ತಿರುಚುವ ಬಲ ಕಾಂತವನ್ನು ಮಲಗಿಸಿಬಿಡುತ್ತದೆಯೇ ಹೊರತು, ಏಳುವಾಗ ಮೇಲಕ್ಕೋ ಕೆಳಕ್ಕೋ ಎಂದು ಹೇಳುವುದಿಲ್ಲ. ಮುಂದಕ್ಕೆ ಹೊಡೆದೆ. ಅಂಕಿ ಪ್ಲಸ್. ಇದು ಎಂಟು ತಿಂಗಳಿಂದ ನೋಡಿದ್ದೇ. ವಾಪಸ್ ಹೊಡೆಯುವ ಮುಂಚೆ ಕೈ ಒರೆಸಿಕೊಂಡೆ. ಹೊಡೆದೆ. ಅಂಕಿ ಮೈನಸ್ಸಿಗೆ ಬಿತ್ತು.

ನಂಬಲಿಲ್ಲ. ಇನ್ನೊಮ್ಮೆ ಮುಂದಕ್ಕೆ ಹೊಡೆದೆ, ಪ್ಲಸ್. ವಾಪಸ್, ಮೈನಸ್. ಲೆಕ್ಕವಿಲ್ಲದಷ್ಟು ಸಲ ಹೊಡೆದೆ. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ನೇರಕ್ಕೆ ಹಿಡಿದ ಆ ಸಣ್ಣ ಕಾಂತಕ್ಷೇತ್ರವನ್ನು ತಿರುಗಿಸಿ ಇಟ್ಟರೆ, ಟಾರ್ಕ್ ನಿಜವಾಗಿದ್ದರೆ, ಇಡೀ ಆಟ ಅದಲುಬದಲಾಗಬೇಕು: ಮುಂದಕ್ಕೆ ಹೊಡೆದರೆ ಮೈನಸ್, ವಾಪಸ್ ಹೊಡೆದರೆ ಪ್ಲಸ್. ತಿರುಗಿಸಿ ಇಟ್ಟೆ. ಅದಲುಬದಲಾಯಿತು. ಕುರ್ಚಿಯಲ್ಲಿ ಕೂತುಬಿಟ್ಟೆ. ಖುಷಿಯಾಯಿತು, ಎಂಥ ಖುಷಿಯೆಂದರೆ ಜೋರಾಗಿ ಅತ್ತುಬಿಟ್ಟೆ. ಎಂಟು ತಿಂಗಳಿಂದ ಅದು ಪ್ರತಿದಿನ ನನ್ನ ಕಣ್ಣೆದುರೇ ನಡೆಯುತ್ತಿತ್ತು, ನಾನು ಓದಿರಲಿಲ್ಲ. ಆ ಸಿಟ್ಟೂ ಅಳುವಿನಲ್ಲಿ ಸೇರಿತ್ತು.

ಹತ್ತು ಗಂಟೆಗೆ ಗೈಡ್ ಬಂದರು. ಗ್ರಾಫ್ ತೋರಿಸಲು ಹೋಗಲಿಲ್ಲ. "ಸರ್, ಒಂದು ನಿಮಿಷ ಮೆಷಿನ್ ಹತ್ರ ಬನ್ನಿ," ಅಂದೆ. ಅವರು ಮೆಷಿನ್ ಹತ್ತಿರ ಬಂದು ವರ್ಷವೇ ಆಗಿತ್ತೇನೋ. ಕುರ್ಚಿ ಸರಿಸಿಕೊಟ್ಟೆ.

"ನೀವೇ ಒತ್ತಿ," ಅಂದೆ. "ಇದು ಮುಂದಕ್ಕೆ. ಇದು ವಾಪಸ್."

ಅವರು ಒತ್ತಿದರು. ಪ್ಲಸ್. ವಾಪಸ್ ಒತ್ತಿದರು. ಮೈನಸ್. ಕನ್ನಡಕ ಹಣೆಗೇರಿಸಿದರು. ಮತ್ತೆ ಒತ್ತಿದರು. ಆಮೇಲೆ ನನ್ನನ್ನು ಕೇಳದೆ ತಾವೇ ಎದ್ದು ಹೋಗಿ ಕಾಂತಕ್ಷೇತ್ರವನ್ನು ತಿರುಗಿಸಿಟ್ಟು ಬಂದು ಒತ್ತಿದರು. ಮೋಸವೇನಾದರೂ ಇದೆಯೇ ಎಂದು ನೋಡುವವರ ಹಾಗೆ ತಂತಿಗಳನ್ನು ಒಂದೊಂದಾಗಿ ಕಣ್ಣಲ್ಲೇ ಹಿಂಬಾಲಿಸಿದರು. ನೋಡಲಿ ಎಂದು ಸುಮ್ಮನೆ ನಿಂತಿದ್ದೆ. ಅರ್ಧ ಗಂಟೆ ಕೂತರು.

"ಇಷ್ಟು ದಿನ ಯಾಕೆ ವಾಪಸಿನದನ್ನ ರೆಕಾರ್ಡ್ ಮಾಡಿರಲಿಲ್ಲ?" ಅಂದರು ಕೊನೆಗೆ.

"ತಪ್ಪು ಮಾಡಿದೆ ಸರ್. ಅದರಲ್ಲಿ ಏನೂ ಇರಲ್ಲ ಅಂದುಕೊಂಡಿದ್ದೆ. ನೀವೂ ಕೇಳಲಿಲ್ಲ."

ಅವರು ಹಣೆಯ ಮೇಲಿದ್ದ ಕನ್ನಡಕ ಕೆಳಗಿಳಿಸಿದರು. "ಹೌದು," ಅಂದರು. "ನಾನೂ ಕೇಳಬೇಕಿತ್ತು." ದೊಡ್ಡ ಮನಸ್ಸಿನಿಂದಲೇ ಅಂದರು, ಅದನ್ನು ಹೇಳದಿದ್ದರೆ ನಾನು ಅನ್ಯಾಯ ಮಾಡಿದ ಹಾಗಾಗುತ್ತದೆ. "ಹೀಟ್ ಅಲ್ಲ ಇದು. ಟಾರ್ಕೇ. ಬರೆಯೋಕೆ ಶುರುಮಾಡು. ಪ್ರಾಬ್ಲಮ್ ನಿನ್ನದೇ, ಸ್ಯಾಂಪಲ್ಲೂ ನಿನ್ನ ಹತ್ರಾನೇ ಇರಲಿ."

ಅವರು ಬಾಗಿಲವರೆಗೆ ಹೋದವರು ನಿಂತು ತಿರುಗಿದರು.

"ಒಂದು ಕೆಲಸ ಮಾಡಮ್ಮ. ಆ ಹುಡುಗನಿಗೂ ಇಂಥದ್ದೇ ಒಂದು ನಾಲ್ಕು ಸ್ಯಾಂಪಲ್ ಮಾಡಿಕೊಟ್ಟುಬಿಡು. ಅವನು ಬೇರೆ ಏನಾದರೂ ಅಳತೆ ಮಾಡ್ಕೊಳ್ತಾನೆ. ಈ ಕೈ ನಿಮ್ಮೋರಿಗೆ ಹುಟ್ಟಿನಿಂದಲೇ ಬಂದಿರುತ್ತೆ, ಅವನಿಗೆಲ್ಲಿ ಬರಬೇಕು."

ಅದನ್ನು ಅವರು ಪ್ರೀತಿಯಿಂದಲೇ ಹೇಳಿದರು. ಹಲ್ಲು ಕಿರಿದು ಹೂಂ ಅಂದಿದ್ದರೆ ಆ ಶುಕ್ರವಾರ ಚೆನ್ನಾಗಿಯೇ ಮುಗಿಯುತ್ತಿತ್ತು. ನಾನು ಮೊದಲ ವರ್ಷ ಒಡೆದುಹಾಕಿದ ಸ್ಯಾಂಪಲ್ಲುಗಳ ಚೂರುಗಳು ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಡಬ್ಬಿ ತುಂಬ ಇದ್ದವು. ಯಾರಿಗೂ ತೋರಿಸಿರಲಿಲ್ಲ. ಬಗ್ಗಿ ಡ್ರಾಯರ್ ಎಳೆದು ಡಬ್ಬಿಯ ಮುಚ್ಚಳ ತೆಗೆದು ಅವರಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟೆ.

"ಹುಟ್ಟಿನಿಂದ ಬಂದಿದ್ದು ಇಷ್ಟು ಸರ್," ಅಂದೆ. "ಅವನಿಗೆ ಮಾಡಿಕೊಡಲ್ಲ, ಕಲಿಸ್ತೀನಿ. ಸೋಮವಾರ ಒಂಬತ್ತಕ್ಕೆ ಬರೋಕೆ ಹೇಳಿ. ಅವನೂ ಒಂದು ಡಬ್ಬಿ ತುಂಬ ಒಡೀಲಿ."